ಅಪ್ಪ ಮಲಗುವ ಗಾಡಿ

ಆಗುವುದಿಲ್ಲ ಅಂದವರು ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ. ಕಬ್ಬು ಸಾಗಿಸುವ ಟ್ರೇಲರಿನ ಮೇಲೆ ಏರಿಸಿಕೊಂಡು ತಂದ ಆ ಪುಟ್ಟ ಗಾಡಿಯನ್ನು ಕ್ಯಾತನಹಳ್ಳಿಯ ನಮ್ಮ ಹಿತ್ತಿಲಿನಲ್ಲಿ ಇಳಿಸಿದ ದಿನ, ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಅದನ್ನು ಒಂದು ಸುತ್ತು ಬಂದರು. ಬಗ್ಗಿ ತಳದ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಕ್ಕೇ ಹೋಯಿತು.

“ಇದು ರೋಡಿಗೆ ಇಳಿಯಾಕಿಲ್ಲ ಕಣ್ಲಾ,” ಅಂದರು ಅಪ್ಪನಿಗೆ. “ಇದ್ರ ಮ್ಯಾಲೆ ಕುಂಬಳದ ಬಳ್ಳಿ ಅಬ್ಬಿಸ್ಬುಡು. ನಾಕು ಕಾಯಾದ್ರೂ ಬುಡ್ತದೆ.” ಆಮೇಲೆ ನನ್ನ ಕಡೆ ತಿರುಗಿದರು. “ಬಿಯೆಸ್ಸಿ ಓದಿರೋಳು, ನೀನಾದ್ರೂ ಏಳ್ಬಾರ್ದಾ ನಿಮ್ಮಪ್ಪಂಗೆ?”

ಅದನ್ನು ತರಿಸಿದ್ದೇ ನಾನು ಎಂಬುದು ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅವರು ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು. “ಅಂಗಾದ್ರೆ ಆಗಾಕೇ ಇಲ್ಲ ಬುಡು,” ಅಂದು ಹೊರಟುಹೋದರು.

ಅಪ್ಪನ ಕಡೆಯಲ್ಲಾಗಲಿ ಅವ್ವನ ಕಡೆಯಲ್ಲಾಗಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದು ಸುಮ್ಮನೆ ಬಂದದ್ದಲ್ಲ. ಪಾಂಡವಪುರ ಸ್ಟೇಷನ್ನಿನಿಂದ ಬೆಳಗಿನ ರೈಲಿನಲ್ಲಿ ನಿಂತು ಮೈಸೂರಿಗೆ ಹೋಗಿ, ಸಂಜೆ ನಿಂತುಕೊಂಡೇ ಬಂದು, ಗಣಿತದಲ್ಲಿ ಒಮ್ಮೆ ಫೇಲಾಗಿ, ಮತ್ತೆ ಪರೀಕ್ಷೆ ಕಟ್ಟಿ ಪಾಸಾದವಳು. ಈಗ ಹೇಳುತ್ತಿರುವ ಕಾಲಕ್ಕೆ, ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ, ಪಾಂಡವಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳುತ್ತಿದ್ದೆ.

ನನ್ನನ್ನು ಓದಿಸಿದ್ದು ಅಪ್ಪನ ಕೈಯ ಬೆಲ್ಲ. ಜಮೀನು ಇತ್ತು, ಅಣ್ಣತಮ್ಮಂದಿರ ನಡುವೆ ಪಾಲಾದ ಮೇಲೆ ಅದು ಮನೆಯ ಊಟಕ್ಕೆ ಸರಿಹೋಗುತ್ತಿತ್ತು. ಅಪ್ಪ ಆಲೆಮನೆಯಲ್ಲಿ ಪಾಕ ನೋಡುವವನು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಕುದ್ದು ಗಟ್ಟಿಯಾಗುವಾಗ, ಯಾವ ಗಳಿಗೆಯಲ್ಲಿ ಒಲೆಯಿಂದ ಇಳಿಸಬೇಕು ಎಂದು ಹೇಳುವುದು ಅವನ ಕೆಲಸ. ಬೇಗ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ತಡವಾದರೆ ಕಪ್ಪಾಗುತ್ತದೆ. ಕಿಕ್ಕೇರಿ ಕಡೆಯ ಒಂದು ಆಲೆಮನೆಯವರು ಪ್ರತಿ ಸುಗ್ಗಿಗೂ ಅವನನ್ನೇ ಕರೆಸುತ್ತಿದ್ದರು. ಆಲೆಮನೆ ಊರಿನಿಂದ ದೂರ, ಗದ್ದೆಗಳ ನಡುವೆ. ದೀಪಾವಳಿಗೆ ಹೋದರೆ ಯುಗಾದಿಯವರೆಗೂ ಅಲ್ಲೇ ವಾಸ. ಒಲೆಯ ಉರಿಗೆಂದು ಒಣಗಿಸಿ ಪೇರಿಸಿದ ಕಬ್ಬಿನ ಸಿಪ್ಪೆಯ ಮೇಲೆ ಗೋಣಿತಾಟು ಹಾಸಿಕೊಂಡು ಎಲ್ಲರೂ ಮಲಗುತ್ತಿದ್ದರು. ಬೆಚ್ಚಗಿರುತ್ತದೆ, ಮೆತ್ತಗಿರುತ್ತದೆ.

ಆ ಸಿಪ್ಪೆಯ ದೂಳೇ ಅಪ್ಪನ ಎದೆಯಲ್ಲಿ ಇಳಿದದ್ದು. ಮೊದಲು ಕೆಮ್ಮು, ಆಮೇಲೆ ಉಬ್ಬಸ. ಒಂದು ಸುಗ್ಗಿಯ ಮಧ್ಯದಲ್ಲಿ ಅವನನ್ನು ಎತ್ತಿಕೊಂಡೇ ಮನೆಗೆ ತಂದರು. ಪಾಂಡವಪುರದ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. “ಕೆಲಸಾನೇ ಬಿಟ್ಟರೆ ಒಳ್ಳೇದು. ಬಿಡೋದಕ್ಕೆ ಆಗೋದೇ ಇಲ್ಲ ಅಂದರೆ, ಆ ಸಿಪ್ಪೆ ಮೇಲೆ ಮಾತ್ರ ಮಲಗಬೇಡಿ. ದೂಳಿಲ್ಲದ ಕಡೆ, ಬಾಗಿಲು ಹಾಕಿಕೊಂಡು ಮಲಗಿ,” ಅಂದರು.

ಗದ್ದೆಯ ನಡುವೆ ಬಾಗಿಲಿರುವ ಜಾಗ ಎಲ್ಲಿಂದ ಬರಬೇಕು? ಅಪ್ಪ ಮನೆಯಲ್ಲೇ ಉಳಿದ. ಅವ್ವನಿಗೆ ಅದೇ ಬೇಕಾಗಿತ್ತು. ನನಗೆ ನೋಡಲಾಗಲಿಲ್ಲ. ಜಗುಲಿಯ ಮೇಲೆ ಕೂತು, ಯಾರ ಮನೆಯ ಬೆಲ್ಲ ಬಂದರೂ ಮುರಿದು ಮೂಗಿಗೆ ಹಿಡಿದು, “ಎಳೇ ಪಾಕದಲ್ಲಿ ಇಳಿಸವ್ರೆ” ಅನ್ನುತ್ತಿದ್ದ. ಅಷ್ಟೇ ಅವನ ದಿನದ ಮಾತು. ಊಟ ಕಮ್ಮಿಯಾಯಿತು. ಯಾರಾದರೂ ಮಾತಾಡಿಸಲು ಬಂದರೆ ಎದ್ದು ಒಳಗೆ ಹೋಗುತ್ತಿದ್ದ. ಬರುವ ದೀಪಾವಳಿಗೆ ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಆಲೆಮನೆಯಿಂದ ಹೇಳಿ ಕಳಿಸಿದರು.

ಅವ್ವನ ತಮ್ಮ, ನನ್ನ ಮಾವ, ಕೆ.ಆರ್. ಪೇಟೆಯಲ್ಲಿ ಟ್ರಿಪ್ಪು ಹೊಡೆಯುವ ಜೀಪು ಇಟ್ಟಿದ್ದ. ಒಂದು ಭಾನುವಾರ ಅವನ ಜೊತೆ ಕೆ.ಆರ್.ಎಸ್.ಗೆ ಹೋಗಿದ್ದಾಗ, ಕಾಫಿ ಕುಡಿದು ಕೈ ತೊಳೆಯಲು ಹೋಟೆಲಿನ ಹಿಂದಕ್ಕೆ ಹೋದೆ. ಅಲ್ಲಿ ಈ ಗಾಡಿ ನಿಂತಿತ್ತು. ಮುಂದೆ ದುಂಡಗೆ ಎದ್ದು, ಹಿಂದಕ್ಕೆ ಹೋಗುತ್ತ ಇಳಿದು ಚೂಪಾಗುವ ಆಕಾರ. ನೀರಿನ ಹನಿಯೊಂದನ್ನು ಅಡ್ಡ ಮಲಗಿಸಿದ ಹಾಗೆ. ಎರಡೇ ಚಕ್ರ. ಪಕ್ಕದಲ್ಲಿ ಬಗ್ಗಿ ನುಗ್ಗುವಂಥ ಬಾಗಿಲು. ಒಳಗೆ ನಿಲ್ಲಲಾಗದು, ಮಲಗಬಹುದು. ಹಿಂದಿನ ಮುಚ್ಚಳವನ್ನು ಮೇಲಕ್ಕೆತ್ತಿದರೆ ಒಲೆ ಪಾತ್ರೆ ಇಡುವ ಗೂಡು. ಒಳಗೆ ಕೋಳಿಗಳು ಕಾವು ಕೂತಿದ್ದವು.

ಹಿಂದೆ ನೀರಾವರಿ ಇಲಾಖೆಯಲ್ಲಿದ್ದ ಒಬ್ಬ ಇಂಜಿನಿಯರು, ಯಾವುದೋ ವಿದೇಶಿ ಪತ್ರಿಕೆಯ ಚಿತ್ರ ನೋಡಿಕೊಂಡು ತಾವೇ ಕೂತು ಮಾಡಿದ್ದಂತೆ. ನಾಲೆಯ ಸರ್ವೆಗೆ ಹೋದಾಗ ಜೀಪಿನ ಹಿಂದೆ ಕಟ್ಟಿಕೊಂಡು ಹೋಗಿ ಅದರಲ್ಲೇ ಮಲಗುತ್ತಿದ್ದರಂತೆ. ವರ್ಗವಾದಾಗ ಬಿಟ್ಟುಹೋದರು. “ತಗಂಡೋಗವ್ವ, ಜಾಗ ಕಿಲೀನಾಯ್ತದೆ. ಕೋಳಿ ಮಾತ್ರ ನಂದು,” ಅಂದ ಹೋಟೆಲಿನವನು.

ಮಾವ ನಗುತ್ತಿದ್ದ. ನಾನು ಬಾಗಿಲೊಳಗೆ ತಲೆ ತೂರಿಸಿ ಕಾಲು ಚಾಚುವಷ್ಟು ಉದ್ದವಿದೆಯೇ ಎಂದು ನೋಡುತ್ತಿದ್ದೆ.

ರಿಪೇರಿ ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು. ತಗಡು ಬಿಚ್ಚಿದಾಗ ಕೆಳಗಿನ ಪ್ಲೈವುಡ್ಡು ನೆನೆದ ರಸ್ಕಿನ ಹಾಗೆ ಕೈಗೆ ಬಂತು. ಮೇಲಿನ ಕಮಾನಿನಂಥ ಮರದ ಪಟ್ಟಿಗಳು ಮಾತ್ರ ಗಟ್ಟಿಯಾಗಿದ್ದವು. ಅವುಗಳನ್ನು ಉಳಿಸಿಕೊಂಡು ಮಿಕ್ಕದ್ದೆಲ್ಲ ಹೊಸದಾಗಿ ಕಟ್ಟಬೇಕಾಯಿತು. ಚಕ್ರದ ಬೇರಿಂಗುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಪಾಂಡವಪುರದಲ್ಲಿ ವೆಲ್ಡಿಂಗ್ ಮಾಡಿಸಿದೆವು. ಶ್ರೀರಂಗಪಟ್ಟಣದ ಗುಜರಿಯಲ್ಲಿ ಹಳೆಯ ಬಸ್ಸಿನ ಕಿಟಕಿ, ಅದರ ರಬ್ಬರು ಸಮೇತ ಸಿಕ್ಕಿತು. ಅದಕ್ಕೆ ಸೊಳ್ಳೆ ಬಲೆ ಹೊಡೆದೆವು. ಹಿಂದಿನ ಮುಚ್ಚಳದ ಕೀಲು ಮುರಿದಿತ್ತು. ಅಂಥದ್ದು ಎಲ್ಲಿಯೂ ಸಿಗದೆ, ಕೊನೆಗೆ ಮಾವ ನಾಗಮಂಗಲಕ್ಕೆ ಹೋಗಿ ಅಲ್ಲಿಯ ಕಂಚಿನ ಕೆಲಸದವರ ಹತ್ತಿರ ಹಿತ್ತಾಳೆಯಲ್ಲಿ ಎರಕ ಹೊಯ್ಯಿಸಿಕೊಂಡು ಬಂದ. ಗಾಡಿಯಲ್ಲೆಲ್ಲ ಅದೊಂದೇ ಚಂದದ ವಸ್ತು. ಅಪ್ಪ ಅದನ್ನು ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದ.

ಅವನು ಜಗುಲಿ ಬಿಟ್ಟು ಇಳಿದದ್ದು ಹಾಗೆ. ಮೊದಮೊದಲು ದೂರ ನಿಂತು ನೋಡುತ್ತಿದ್ದ. ಆಮೇಲೆ ತಗಡು ಹಿಡಿದುಕೊಂಡ. ಆಮೇಲೆ ಮಾವನನ್ನು ಬೈಯತೊಡಗಿದ.

“ಲೇ, ಮೊಳೆ ಒಡೀತಿದ್ದೀಯೋ, ಕಡ್ಳೆಕಾಯಿ ಬಡೀತಿದ್ದೀಯೋ?”

“ಬಾವ, ಉಸ್ರು ಇಡ್ಕಂಡಿರಿ, ಬೈಯಾಕೆ ಆಮ್ಯಾಕೆ ಬೇಕಾಯ್ತದೆ.”

ಅವ್ವ ಹಿತ್ತಿಲಿಗೆ ಬರುತ್ತಿರಲಿಲ್ಲ. ಹಸುವಿಗೆ ಹುಲ್ಲು ಹಾಕಲು ಬಂದರೂ ಆ ಕಡೆ ತಿರುಗುತ್ತಿರಲಿಲ್ಲ. ಒಂದು ದಿನ ರಾಗಿ ಕೇರುತ್ತಿದ್ದವಳು, ಮೊರ ನಿಲ್ಲಿಸದೆಯೇ ನನಗೆ ಹೇಳಿದಳು. “ನಿಮ್ಮಪ್ಪ ಅಲ್ಲಿಗೋದ್ರೆ ಬರೀ ಮನಿಕಂಡಿರ್ತಾನಾ? ದಿನಾ ಪೂರ್ತಿ ಆ ವೊಗೇಲಿ ನಿಂತಿರ್ತಾನೆ. ನಿನ್ನ ಓದ್ಸಿದ್ದು, ನೀನು ದುಡುದ್ರೆ ನನ್ ಗಂಡನ್ನ ಮನೇಲಿಟ್ಕಳಾನ ಅಂತ. ನೀನು ಅವನ್ನ ಕಳ್ಸಾಕೆ ಗಾಡಿ ಕಟ್ತಿದ್ದೀಯ.”

“ಮನೇಲಿ ಹೆಂಗಿದಾನೆ ನೋಡಿದ್ದೀಯಲ್ಲವ್ವ.”

“ಇದಾನೆ. ಇದಾನಲ್ಲ, ಅಷ್ಟು ಸಾಕು ನಂಗೆ.”

ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗಲೂ ಆ ಮಾತು ನೆನಪಿಗೆ ಬರುತ್ತಿತ್ತು. ಅವಳು ಹೇಳಿದ್ದು ತಪ್ಪೆಂದು ನನಗೆ ಅನ್ನಿಸಿದ್ದಿಲ್ಲ, ಇವತ್ತಿಗೂ. ಆದರೆ ಸಂಜೆ ಮನೆಗೆ ಬಂದಾಗ ಹಿತ್ತಿಲಿನಿಂದ ಅಪ್ಪನ ಬೈಗುಳ ಕೇಳಿಸಿದರೆ ನಾನು ಬೇಗ ಬೇಗ ಕಾಲು ಹಾಕುತ್ತಿದ್ದೆ. ಎರಡೂ ನಿಜ.

ಬಣ್ಣ ಬಳಿದಾದ ಮೇಲೆ, ಶಾಲೆಗೆ ರಜವಿದ್ದ ಒಂದು ದಿನ, ನಾಲೆಯ ಏರಿಯ ಮೇಲೆ ಎಳೆದು ನೋಡುವುದೆಂದಾಯಿತು. ಅಪ್ಪನೇ ನಿಂತು ಸಾಮಾನು ತುಂಬಿಸಿದ. ನೀರಿನ ಡ್ರಮ್ಮು, ಸೀಮೆಎಣ್ಣೆ ಸ್ಟೌ, ಹಿಟ್ಟಿನ ಚೀಲ, ಖಾರ ಅರೆಯುವ ಕಲ್ಲು, ಎಲ್ಲವೂ ಹಿಂದಿನ ಗೂಡಿಗೆ.

ಅಪ್ಪ ಹಿಂದೆ ಜೋಡಿ ಎತ್ತು ಕಟ್ಟಿ ಕಾರ್ಖಾನೆಗೆ ಕಬ್ಬು ಹೊಡೆದವನು. ಎತ್ತಿನ ಗಾಡಿ ತುಂಬುವವರು ಮೊದಲು ನೋಡುವುದು ಮೂಕಿಯನ್ನು, ಅಂದರೆ ನೊಗ ಕಟ್ಟುವ ಮುಂದಿನ ಮರವನ್ನು. ಭಾರ ಮುಂದಕ್ಕೆ ಬಿದ್ದರೆ ಮೂಕಿ ಎತ್ತುಗಳ ಕುತ್ತಿಗೆಯನ್ನು ಅದುಮುತ್ತದೆ, ಹೆಗಲು ಹುಣ್ಣಾಗುತ್ತದೆ. ಅದಕ್ಕೇ ಹೇರು ಸ್ವಲ್ಪ ಹಿಂದಕ್ಕೆ ಇರಬೇಕು, ಮೂಕಿ ಹಗುರವಾಗಿರಬೇಕು. ನಮ್ಮ ಕಡೆ ಮೂಕಿ ಭಾರ ಮಾಡಿ ಗಾಡಿ ಹೂಡುವವನನ್ನು ಕಟುಕ ಅನ್ನುತ್ತಾರೆ. ಅಪ್ಪ ನಮ್ಮ ಗಾಡಿಯ ಮುಂದಿನ, ಜೀಪಿಗೆ ಸಿಕ್ಕಿಸುವ ಕಬ್ಬಿಣದ ತೋಳನ್ನು ಒಂದೇ ಬೆರಳಿನಲ್ಲಿ ಎತ್ತಿ ತೋರಿಸಿದ.

“ನೋಡ್ಲಾ, ಊವಿನಂಗೆ ಬತ್ತದೆ.”

ಮಾವನೂ ಎತ್ತಿ ನೋಡಿ ಸರಿ ಅಂದ. ನಾನೂ ಎತ್ತಿದೆ. ಸನ್ನೆಕೋಲಿನ ಪಾಠ ಹೇಳುವವಳು ನಾನು. ಆದರೂ ಗಾಡಿ ಹೂಡುವವರ ಮನೆಯಲ್ಲೇ ಬೆಳೆದವಳಲ್ಲವೇ, ನನ್ನ ಕೈಗೂ ಅದು ಸರಿಯೆಂದೇ ಕಂಡಿತು.

ಏರಿಯ ಒಂದು ಪಕ್ಕ ತುಂಬಿ ಹರಿಯುವ ನಾಲೆ, ಇನ್ನೊಂದು ಪಕ್ಕ ಕೆಳಗೆ ಗದ್ದೆ. ಮಾವ ನಿಧಾನವಾಗಿ ಹೊರಟ. ಅಪ್ಪ ಅವನ ಪಕ್ಕದಲ್ಲಿ, ನಾನು ಹಿಂದೆ. ಸ್ವಲ್ಪ ದೂರ ಚೆನ್ನಾಗಿಯೇ ಬಂತು. ಅಪ್ಪ ತಿರುಗಿ ತಿರುಗಿ ನೋಡುತ್ತಿದ್ದ. ತೂಬಿನ ಹತ್ತಿರ ಇಳಿಜಾರು ಬಂದಾಗ ಜೀಪಿನ ವೇಗ ಏರಿತು, ಗಾಡಿ ಸಣ್ಣಗೆ ಆಡತೊಡಗಿತು. ಎಡಕ್ಕೆ, ಬಲಕ್ಕೆ. ನಾಯಿಯ ಬಾಲದ ಹಾಗೆ. ಪ್ರತಿ ಸಲವೂ ಮೊದಲಿಗಿಂತ ಜಾಸ್ತಿ. ಜೀಪಿನ ಹಿಂಭಾಗ ಎದ್ದು ಎದ್ದು ಬೀಳುತ್ತಿತ್ತು.

“ಬ್ರೇಕಾಕ್ಲಾ,” ಅಂದ ಅಪ್ಪ.

ಮಾವ ಒತ್ತಿದ. ಗಾಡಿ ಒಮ್ಮೆ ನಾಲೆಯ ಕಡೆಗೆ ಬೀಸಿ, ಹಿಂದಕ್ಕೆ ಬೀಸಿ, ಕೊಕ್ಕೆ ಕಳಚಿಕೊಂಡು ಏರಿಯಿಂದ ಗದ್ದೆಗೆ ಇಳಿದು ಒಂದು ಮಗ್ಗುಲಾಗಿ ಬಿತ್ತು.

ಜೀಪು ನಿಲ್ಲುವ ಮೊದಲೇ ಅಪ್ಪ ಇಳಿದು ಓಡಿದ. ನಾವು ಕೂಗಿದೆವು. ಕೆಸರಿನಲ್ಲಿ ಅದರವರೆಗೂ ಹೋಗಿ, ತಗಡಿನ ಮೇಲೆ ಕೈಯಿಟ್ಟು ಅಲ್ಲೇ ಕುಸಿದು ಕೂತ. ಉಬ್ಬಸ ಬಂದಿತ್ತು. ಬಾಯಿ ತೆರೆದಿದೆ, ಗಾಳಿ ಹೋಗುತ್ತಿಲ್ಲ. ಕೊರಳಿನ ನರಗಳು ಹಗ್ಗದ ಹಾಗೆ ಎದ್ದಿದ್ದವು. ನಾನು ಅವನ ಬೆನ್ನು ಹಿಡಿದುಕೊಂಡು ಗದ್ದೆಯಲ್ಲಿ ಮೊಣಕಾಲೂರಿದ್ದೆ. ಆಗ ನನಗೆ ಅಪ್ಪನ ಮುಖಕ್ಕಿಂತ ಅವ್ವನ ಮುಖವೇ ಎದುರಿಗೆ ಇತ್ತು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಗಾಳಿ ಹಿಡಿಸಿ, ಎರಡು ದಿನ ಇಟ್ಟುಕೊಂಡು ಕಳಿಸಿದರು. ಅವ್ವ ನನ್ನೊಡನೆ ಮಾತು ಬಿಟ್ಟಳು. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಮಾತಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ದೊಡ್ಡಪ್ಪ ಬಂದು, ಹೇಳಲಿಲ್ಲವೇ ಅನ್ನಲೂ ಇಲ್ಲ. ಟ್ರಾಕ್ಟರು ಕಳಿಸಿ ಗಾಡಿಯನ್ನು ಗದ್ದೆಯಿಂದ ಎಳೆಸಿ ಮತ್ತೆ ನಮ್ಮ ಹಿತ್ತಿಲಿಗೆ ಹಾಕಿಸಿದರು. ಹೋಗುವಾಗ ನನಗೆ ಮಾತ್ರ ಕೇಳುವ ಹಾಗೆ, “ಸಾಕು ಬುಡು ಮಗ,” ಅಂದರು.

ನನಗೂ ಸಾಕೆನಿಸಿತ್ತು. ಒಂದು ಪಕ್ಕದ ತಗಡು ನುಗ್ಗಾಗಿತ್ತು, ಕಿಟಕಿ ಒಡೆದಿತ್ತು. ಗುಜರಿಯವನಿಗೆ ಹೇಳಿ ಕಳಿಸೋಣ ಎಂದು ಮಾವನಿಗೆ ಹೇಳಿದೆ. ಕೇಳಿಸಿಕೊಂಡ ಅಪ್ಪ ಜಗುಲಿಯಿಂದಲೇ ಕೇಳಿದ. “ಅಲ್ಲ ಕಣ್ಲಾ, ಮೂಕಿ ಅಗುರಾಗೇ ಇತ್ತಲ್ಲ. ಯಾಕಂಗಾಡ್ತು?”

ಮಾವ ಬೀಡಿ ಹಚ್ಚಲು ಹೋದವನು ಅಪ್ಪನ ಎದೆ ನೆನಪಾಗಿ ಕಿವಿಯ ಮೇಲೆ ಸಿಕ್ಕಿಸಿಕೊಂಡ. “ಅದೇ ನಾನೂ ಯೋಚ್ನೆ ಮಾಡ್ತಾವ್ನಿ ಬಾವ. ನಮ್ ಜೀಪಿನ ಇಂದುಗಡೆ ಜನ ಜೋತುಬಿದ್ದಾಗ ಸ್ಟೇರಿಂಗು ಇಂಗೇ ಆಯ್ತದೆ. ಗಾಳೀಲಿ ತೇಲ್ದಂಗೆ. ಏಳಿದ ಮಾತು ಕೇಳಾಕಿಲ್ಲ. ಅವತ್ತೂ ಅಂಗೇ ಇತ್ತು.”

ಮೂಕಿ ಹಗುರವಾಗಲೆಂದು ಹಿಂದಕ್ಕೆ ಹಾಕಿದ ಭಾರವೇ ಗಾಡಿಯ ಬಾಲವನ್ನು ಬೀಸಾಡಿಸಿತ್ತು. ಅಪ್ಪ ನಿಧಾನವಾಗಿ ಎದ್ದು ಹಿತ್ತಿಲಿಗೆ ಹೋದ. ನಾವು ಹಿಂದೆ ಹೋದೆವು. ಹಿಂದಿನ ಗೂಡಿನಿಂದ ಕಲ್ಲು ತೆಗೆದು ಮುಂಭಾಗಕ್ಕೆ ಇಟ್ಟೆವು. ಡ್ರಮ್ಮನ್ನೂ ಚಕ್ರಕ್ಕಿಂತ ಮುಂದಕ್ಕೆ ತಂದೆವು. ಈಗ ಆ ಕಬ್ಬಿಣದ ತೋಳನ್ನು ಎತ್ತಲು ಮಾವ ಎರಡೂ ಕೈ ಹಾಕಬೇಕಾಯಿತು. ಅಪ್ಪನಿಗೆ ಅದನ್ನು ಕಣ್ಣಲ್ಲಿ ನೋಡಲಾಗಲಿಲ್ಲ.

“ಇಷ್ಟು ಭಾರ ಕುತ್ಗೆ ಮ್ಯಾಲೆ ಏರುದ್ರೆ ಎಂಗ್ಲಾ ಎಳ್ದಾತು?”

“ಬಾವ, ಅದು ಎತ್ತಲ್ಲ, ಜೀಪು. ಅದ್ಕೆ ಕುತ್ಗೆ ಇಲ್ಲ.”

“ಆದ್ರೂವೆ.”

ಏರಿಯ ಮೇಲೆ ಮತ್ತೆ ಎಳೆದಾಗ ಅಪ್ಪನನ್ನು ಕರೆದುಕೊಂಡು ಹೋಗಲಿಲ್ಲ. ನಾನೂ ಮಾವನೂ ಇಬ್ಬರೇ. ತೂಬಿನ ಇಳಿಜಾರಿನಲ್ಲಿ ನಾನು ಸೀಟಿನ ಕಂಬಿಯನ್ನು ಹಿಡಿದಿದ್ದ ಕೈ ಈಗಲೂ ನೆನಪಿದೆ. ಗಾಡಿ ಬೆನ್ನಿಗೆ ಅಂಟಿದ ಹಾಗೆ ಬಂತು. ಮಾವ ಇಳಿಜಾರು ದಾಟಿದ ಮೇಲೆ ಜೀಪು ನಿಲ್ಲಿಸಿ ಕಿವಿಯ ಮೇಲಿದ್ದ ಬೀಡಿ ಹಚ್ಚಿದ.

“ಇನ್ನ ಕಾಗ್ದ ಆಗ್ಲಿ,” ಅಂದ. “ಕಾಗ್ದ ಇಲ್ದೆ ನಾನು ಕಿಕ್ಕೇರಿ ರೋಡಿಗೆ ಇಳಿಸಾಕಿಲ್ಲ ಕಣಮ್ಮಿ. ನಿಮ್ಮವ್ವ ನಮ್ಮಕ್ಕ. ಇನ್ನೊಂದು ಕಿತ ಏನಾದ್ರೂ ಆದ್ರೆ ನಾನು ತಲೆ ತೋರ್ಸಂಗಿಲ್ಲ.”

ಗಾಡಿ ಪರೀಕ್ಷಿಸಿ ಕಾಗದ ಕೊಡುವ ಬ್ರೇಕ್ ಇನ್‌ಸ್ಪೆಕ್ಟರು ತಿಂಗಳಿಗೊಮ್ಮೆ ಕೆ.ಆರ್. ಪೇಟೆಗೆ ಬರುತ್ತಿದ್ದರು. ಬಯಲಿನಲ್ಲಿ ಲಾರಿ, ಟ್ರಾಕ್ಟರುಗಳ ಸಾಲಿನ ಕೊನೆಯಲ್ಲಿ ನಮ್ಮ ಗಾಡಿ ನಿಂತಾಗ, ಜನ ತಮ್ಮ ಕೆಲಸ ಬಿಟ್ಟು ಸುತ್ತ ಸೇರಿದರು. ಒಬ್ಬ ತಗಡು ತಟ್ಟಿ, “ಒಳಗೆ ದೇವ್ರೈತಾ?” ಎಂದು ಕೇಳಿದ. ಇನ್‌ಸ್ಪೆಕ್ಟರು ಕನ್ನಡಕ ಮೇಲಕ್ಕೇರಿಸಿ ನೋಡಿದರು.

“ಇದನ್ನ ಮಾಡಿದ್ದು ಯಾರಮ್ಮ?”

“ಮಾಡಿದವರು ಬೇರೆ ಸಾರ್. ಬಿದ್ದಿದ್ದನ್ನ ಎಬ್ಬಿಸಿದವರು ನಾವು.”

“ಏನು ಸಾಗಿಸ್ತೀರಿ?”

“ನಮ್ಮಪ್ಪ ಮಲಗೋದಕ್ಕೆ.”

ಅವರು ನಕ್ಕಾರು ಎಂದುಕೊಂಡಿದ್ದೆ. ನಗಲಿಲ್ಲ. ಕೆಳಗೆ ಬಗ್ಗಿ ಆಕ್ಸಲ್ಲು ನೋಡಿದರು, ಚಕ್ರ ತಿರುಗಿಸಿ ಕಿವಿಯಿಟ್ಟು ಕೇಳಿದರು. ಕೊಕ್ಕೆ ಕಳಚಿದರೂ ಗಾಡಿ ಬಿಟ್ಟುಹೋಗದ ಹಾಗೆ ಸರಪಳಿ ಬೇಕು, ಹಿಂದೆ ಕೆಂಪು ದೀಪ ಜೀಪಿನ ದೀಪದ ಜೊತೆಗೇ ಹತ್ತಬೇಕು, ಹಾಕಿಸಿಕೊಂಡು ಮುಂದಿನ ತಿಂಗಳು ಬನ್ನಿ ಅಂದರು. ದೀಪಾವಳಿಗೆ ಮುಂಚೆ ಅದೊಂದೇ ತಿಂಗಳು ಉಳಿದಿತ್ತು. ಸರಪಳಿ ಹಾಕಿಸಿದೆವು. ಒಡೆದ ಕಿಟಕಿಗೆ ಬೇರೆ ಗಾಜು ಕೂಡಿಸಿದೆವು. ದೀಪದ ವೈರನ್ನು ನಾನೇ ಎಳೆದೆ. ಎಳೆಯುವಾಗ ಅವ್ವ ಹಿತ್ತಿಲಿನಲ್ಲಿ ಹಸು ಕರೆಯುತ್ತಿದ್ದಳು. ಕೆಂಪು ದೀಪ ಹತ್ತಿದ್ದನ್ನು ಕಂಡಳು. ಹಾಲಿನ ಚೊಂಬು ತೆಗೆದುಕೊಂಡು ಒಳಗೆ ಹೋದಳು.

ಮುಂದಿನ ಕ್ಯಾಂಪಿನ ದಿನ ಅವಳೂ ಹೊರಟಳು. ತಮ್ಮನ ಮನೆಗೆ ಹೋಗಬೇಕು, ಬಹಳ ದಿನವಾಯಿತು ಅಂದಳು. ನನಗಲ್ಲ, ಬಾಗಿಲಿಗೆ ಹೇಳುವ ಹಾಗೆ. ಜೀಪಿನಲ್ಲಿ ದಾರಿಯುದ್ದಕ್ಕೂ ಅಪ್ಪನ ಪಕ್ಕ ಕೂತು ಮುಂದೆ ನೋಡುತ್ತಿದ್ದಳು. ಅಪ್ಪ ಒಮ್ಮೆ ಕೆಮ್ಮಿದಾಗ ಮಾತ್ರ ಅವಳ ಕೈ ತಾನಾಗಿ ಅವನ ಬೆನ್ನಿಗೆ ಹೋಯಿತು.

ಇನ್‌ಸ್ಪೆಕ್ಟರು ಜೀಪನ್ನು ಓಡಿಸಲು ಹೇಳಿ, ನಿಲ್ಲಿಸಲು ಹೇಳಿ, ದೀಪ ನೋಡಿ, ಸರಪಳಿಯನ್ನು ಎರಡು ಸಲ ಜಗ್ಗಿದರು. ಮೇಜಿನ ಹತ್ತಿರ ಮಧ್ಯಾಹ್ನದವರೆಗೂ ಕಾಯಿಸಿದರು. ಆಮೇಲೆ ಅಪ್ಪನ ಹೆಸರು ಕೂಗಿದರು. ಅಪ್ಪ ಎದ್ದು ಹೋದ. ಸರ್ಟಿಫಿಕೇಟು ಚಾಚಿದ ಕೈಗೆ ತಕ್ಷಣ ಕೈ ಕೊಡಲಿಲ್ಲ. ಪಂಚೆಗೆ ಎರಡೂ ಅಂಗೈ ಒರೆಸಿಕೊಂಡು, ಬಿಸಿ ಅಚ್ಚು ಹಿಡಿಯುವ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡ. ತಂದು ನನಗೆ ಕೊಟ್ಟ. ನಾನು ಓದಿದೆ. ಅಪ್ಪನ ಹೆಸರು, ಊರು, ಟ್ರೇಲರ್ ಎಂಬ ಒಂದು ಪದ. ಅವ್ವ ಆಚೆ ಹುಣಿಸೆಮರದ ಕೆಳಗೆ ಕೈಚೀಲ ಹಿಡಿದು ನಿಂತಿದ್ದಳು.

ಅಪ್ಪ ಅವಳ ಕಡೆ ಹೋಗಲಿಲ್ಲ. ಹೋಗುವ ಧೈರ್ಯ ಅವನಿಗಿರಲಿಲ್ಲ, ನನಗೂ ಇರಲಿಲ್ಲ. ಅವಳೇ ಬಂದಳು. ನಮ್ಮನ್ನು ದಾಟಿಕೊಂಡು ಗಾಡಿಯ ಹತ್ತಿರ ಹೋಗಿ, ಬಾಗಿಲು ತೆರೆದು, ಮೊದಲ ಸಲ ತಲೆ ಒಳಗೆ ಹಾಕಿದಳು. ಹಾಸಿಗೆಯನ್ನು ಅಂಗೈಯಿಂದ ಒತ್ತಿ, ಗೇಣು ಹಾಕಿ ಅಗಲ ನೋಡಿದಳು. ಚಾದರ ಸರಿಮಾಡಿದಳು. ಆಮೇಲೆ ತಲೆ ಹೊರಕ್ಕೆ ತಂದು, ಇಷ್ಟು ದಿನ ಮಾತು ಬಿಟ್ಟಿದ್ದವಳು ನನ್ನ ಮುಖವನ್ನೇ ನೋಡಿದಳು.

“ಅಸೂನ ನೀನು ನೋಡ್ಕ,” ಅಂದಳು. “ನಾನೂ ಓಯ್ತೀನಿ. ಒಂದೀಟು ಅತ್ಲಾಗೆ ಸರ್ಕಂಡು ಮನಿಕಳಕ್ಕೇಳು ನಿಮ್ಮಪ್ಪಂಗೆ.”